ಕ್ಯಾಸ್ಪಿಯನ್ ದಡಕ್ಕೆ ಹದಿನಾಲ್ಕು ದಿನ

ಕಜಕಸ್ತಾನದಲ್ಲಿ ನಮಗಿದ್ದದ್ದು ಹದಿನಾಲ್ಕು ದಿನ. ಭಾರತದ ಪಾಸ್‌ಪೋರ್ಟ್ ಇರುವವರು ಅಷ್ಟು ದಿನ ವೀಸಾ ಇಲ್ಲದೆ ಅಲ್ಲಿ ಇರಬಹುದು. ಅದಕ್ಕಿಂತ ಹೆಚ್ಚು ಉಳಿದರೆ ಪೊಲೀಸು, ಕೋರ್ಟು, ದಂಡ. ಮತ್ತೆ ಆ ದೇಶದೊಳಗೆ ಬಿಡದೆಯೂ ಇರಬಹುದು. ಈ ಹದಿನಾಲ್ಕು ದಿನಗಳಲ್ಲಿ ಚೀನಾ ಗಡಿಯ ಹತ್ತಿರದ ಊರಿನಿಂದ ಹೊರಟು ಪಶ್ಚಿಮದ ಕ್ಯಾಸ್ಪಿಯನ್ ಸಮುದ್ರದವರೆಗೆ, ನಡುವೆ ಎಲ್ಲೂ ವಿಮಾನ ಹತ್ತದೆ, ನೆಲದ ಮೇಲೇ ಹೋಗಿ ಮುಟ್ಟಬೇಕೆಂದು ನಾನು ತೀರ್ಮಾನಿಸಿದ್ದೆ. ಮುಟ್ಟಿದ ಮೇಲೆ ಸ್ವಲ್ಪ ಹಿಂದಕ್ಕೆ ಬಂದು, ಬೇನೂ ಎಂಬ ಜಂಕ್ಷನ್ನಿನಲ್ಲಿ ದಕ್ಷಿಣಕ್ಕೆ ತಿರುಗಿ, ಉಜ್ಬೇಕಿಸ್ತಾನಕ್ಕೆ ದಾಟಿ, ಅಲ್ಲಿಂದ ಊರಿಗೆ.

ನಾನು ತಿಪಟೂರಿನ ಹತ್ತಿರ ಒಂದು ತೆಂಗಿನ ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಯಾವ ಮಡಿಯಲ್ಲಿ ಯಾವ ದಿನ ಎಷ್ಟು ಕಾಯಿ ನೆಟ್ಟರು, ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಬರೆದಿಡುವುದು ನನ್ನ ಪಾಲಿನ ಕೆಲಸ. ಮನೆಗೆ ಬಂದ ಮೇಲೂ ಬರೆಯುತ್ತೇನೆ. ಹೈಸ್ಕೂಲಿನಿಂದ ಈವರೆಗೆ ದಿನಚರಿಯಲ್ಲಿ ಒಂದು ದಿನವೂ ತಪ್ಪಿಲ್ಲ.

ಆ ದೇಶವೇ ಯಾಕೆ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ ಆಗಿತ್ತು: ದೊಡ್ಡದು, ಯಾರೂ ಹೋಗುವುದಿಲ್ಲ, ವೀಸಾ ಬೇಡ. ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು. ನಮ್ಮ ಕಡೆ ಎಲ್ಲಿ ನಿಂತು ನೋಡಿದರೂ ನಾಲ್ಕು ಸಾಲು ತೆಂಗು ದಾಟಿ ಕಣ್ಣು ಮುಂದಕ್ಕೆ ಹೋಗುವುದಿಲ್ಲ. ಏನೂ ಅಡ್ಡವಿಲ್ಲದ ನೆಲವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಬೇಕಿತ್ತು.

“ಒಬ್ಳೇ ಹೋಗೋದಾದ್ರೆ ಬ್ಯಾಡ,” ಎಂದು ಅಪ್ಪ ಊಟದ ತಟ್ಟೆ ನೋಡಿಕೊಂಡೇ ಹೇಳಿದರು.

“ಜೊತೇಲಿ ಯಾರಾದ್ರೂ ಬಂದ್ರೆ?”

“ಯಾರ್ ಬತ್ತಾರೆ? ಅಲ್ಲೇನ್ ದೇವಸ್ಥಾನ ಐತಾ, ಫಾಲ್ಸ್ ಐತಾ?”

ಅಪ್ಪನ ತಂಗಿ, ನನ್ನ ಸೋದರತ್ತೆ, ಅವತ್ತು ಹಾಲ್ಕುರಿಕೆಯಿಂದ ಬಂದು ಅಡುಗೆಮನೆ ಬಾಗಿಲಿಗೆ ಒರಗಿ ಕೂತಿದ್ದಳು. ಐವತ್ತೊಂದು ವರ್ಷ ಅವಳಿಗೆ. ಶ್ರೀಲಂಕಾಗೆ ಗುಂಪಿನಲ್ಲಿ ಹೋಗೋಣವೆಂದು ಯಾವತ್ತೋ ಪಾಸ್‌ಪೋರ್ಟ್ ಮಾಡಿಸಿ, ಗುಂಪು ಮುರಿದುಬಿದ್ದು, ಅದನ್ನು ಹಾಗೇ ಬೀರುವಿನಲ್ಲಿ ಇಟ್ಟುಕೊಂಡಿದ್ದಳು.

“ನಾನ್ ಬತ್ತೀನಿ ಬುಡಣ್ಣ,” ಅಂದಳು.

“ನಿಂಗೇನ್ ಕೆಲ್ಸ ಅಲ್ಲಿ?”

“ಇಲ್ಲೇನ್ ಕೆಲ್ಸ ಐತೆ? ಬೆಳಗೆದ್ರೆ ಅದೇ ಹಸ, ಅದೇ ಗರಿ, ಅದೇ ನಿನ್ ಬಾವ. ಒಂದಷ್ಟು ದಿನ ಅವ್ರೂ ನೆಮ್ಮದಿಯಾಗಿರ್ಲಿ.”

ಅಪ್ಪ ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, “ನಮ್ ತಂಗೀನ ಕರ್ಕೊಂಡು ಹೋಗ್ತಿದೀಯ. ಅಲ್ಲೆಲ್ಲಾದ್ರೂ ಕಾಗದ ಪತ್ರದ್ದು ಹೆಚ್ಚುಕಮ್ಮಿ ಆದ್ರೆ ನಾನ್ ಬಂದು ಬುಡ್ಸೋಕಾಗಲ್ಲ ಕಣಮ್ಮ,” ಎಂದರು.

“ಒಂದು ತಪ್ಪೂ ಆಗಲ್ಲಪ್ಪ. ಎಲ್ಲ ತಾರೀಕು ಬರ್ದಿಟ್ಟಿದೀನಿ.”

ಈ ಮಾತು ಕೊಟ್ಟವಳು ನಾನೇ ಎಂಬುದನ್ನು ಇಲ್ಲಿ ಬರೆದಿಡಬೇಕು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಒಳಗೆ ಹನ್ನೊಂದು ಉಂಡೆ ಕೊಬ್ಬರಿ ಇತ್ತು.

“ಕೊಬ್ಬರಿ ಬಿಡಲ್ಲ ಅಮ್ಮ. ಎಣ್ಣೆ ಪದಾರ್ಥ, ಬೆಂಕಿ ಹತ್ಕೊಳ್ಳುತ್ತೆ,” ಎಂದರು ತಪಾಸಣೆಯವರು.

“ಏನಪ್ಪ ನೀನು, ನಮ್ಮನೇಲಿ ಅಟ್ಟದ ತುಂಬ ಕೊಬ್ರಿ, ಕೆಳಗೆ ಒಲೆ. ಮೂವತ್ತು ವರ್ಷದಿಂದ ಅದ್ರ ಕೆಳಗೇ ಮಲಗ್ತಾ ಇದೀನಿ. ನಾನಿನ್ನೂ ಉರ್ದಿಲ್ವಲ್ಲ.”

ಅವರು ನಗುತ್ತಲೇ ಹನ್ನೊಂದನ್ನೂ ಎತ್ತಿ ಪಕ್ಕದ ಬುಟ್ಟಿಗೆ ಹಾಕಿದರು. ಚಟ್ನಿಪುಡಿ, ರಾಗಿ ಹುರಿಹಿಟ್ಟು ದಾಟಿದವು.

ದಿನಚರಿಯಲ್ಲಿ ನಾನು ಆ ದೇಶಕ್ಕೆಂದೇ ಹೊಸ ಪುಟ ತೆರೆದು ಗೆರೆ ಎಳೆದಿದ್ದೆ: ದಿನ, ತಾರೀಕು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಮರ, ಚಹಾ. ಮರ ಎಂದರೆ ಕಿಟಕಿಯಿಂದ ಕಂಡ ಮರಗಳ ಸಂಖ್ಯೆ. ಮೊದಲ ಸಾಲಿನಲ್ಲಿ, ಸೆಪ್ಟೆಂಬರ್ ಒಂಬತ್ತರ ಸಂಜೆ ಆಲ್ಮಾಟಿಯಲ್ಲಿ ಇಳಿದದ್ದರ ಎದುರಿಗೆ, ದಿನದ ಅಂಕಿಯ ಜಾಗದಲ್ಲಿ ‘ಲಾಭ’ ಎಂದು ಬರೆದೆ. ಕಾಯಿ ಕೆಡವಿದಾಗ ನಮ್ಮ ಮನೆಗಳಲ್ಲಿ ಎಣಿಕೆ ಶುರುವಾಗುವುದು ಹಾಗೆ. ಮೊದಲ ಜೋಡಿಯನ್ನು ಎತ್ತಿ, ಒಂದು ಎನ್ನದೆ ‘ಲಾಭ’ ಎಂದು ಹೇಳಿ, ದೇವರ ಮನೆಗೆಂದು ಪಕ್ಕಕ್ಕಿಡುತ್ತಾರೆ. ಅದು ಲೆಕ್ಕಕ್ಕೆ ಸೇರುವುದಿಲ್ಲ. ಅದರ ನಂತರದ ಜೋಡಿಯೇ ಒಂದು. ನರ್ಸರಿಯ ಪುಸ್ತಕದಲ್ಲಿ ನಾನು ಹಾಗೆ ಬರೆಯುವುದಿಲ್ಲ. ಆದರೆ ನನ್ನ ಸ್ವಂತ ಪುಸ್ತಕದಲ್ಲಿ ಯಾವ ಹೊಸ ಲೆಕ್ಕವನ್ನೂ ಬೇರೆ ರೀತಿ ಶುರುಮಾಡಿದ ನೆನಪಿಲ್ಲ. ಸೆಪ್ಟೆಂಬರ್ ಹತ್ತರ ಎದುರಿಗೆ ‘1’ ಎಂದು ಬಿತ್ತು. ಹದಿನಾಲ್ಕು ಬೀಳುವುದು ಇಪ್ಪತ್ತಮೂರಕ್ಕೆ. ಆ ದಿನಕ್ಕೇ ಬೇನೂವಿನಿಂದ ಉಜ್ಬೇಕಿಸ್ತಾನಕ್ಕೆ ರೈಲು ಟಿಕೆಟ್ ತೆಗೆದಿದ್ದೆ.

ಹತ್ತರಂದು ಬಸ್ಸಿನಲ್ಲಿ ಪೂರ್ವಕ್ಕೆ, ಚೀನಾ ಗಡಿಯ ಹತ್ತಿರದ ಜರ್ಕೆಂಟಿಗೆ ಹೋದೆವು. ಮಾರನೆಯ ದಿನ ಅದೇ ದಾರಿಯಲ್ಲಿ ವಾಪಸ್ಸು. ಈ ಎರಡು ದಿನ ಯಾಕೆ ಬೇಕಿತ್ತು ಎಂದು ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. “ಹೋಗೋದು ಆ ಕಡೆ, ಬಸ್ ಹತ್ತೋದು ಈ ಕಡೆ,” ಎನ್ನುತ್ತಿದ್ದಳು. ತುದಿಯಿಂದ ಶುರುಮಾಡದಿದ್ದರೆ ದಾಟಿದ ಹಾಗಾಗುವುದಿಲ್ಲ ಎಂದರೆ, “ಯಾರ್ ನೋಡ್ತಾವ್ರೆ?” ಎಂದು ಕೇಳಿದಳು. ನಾನೇ ನೋಡುತ್ತಿದ್ದೆ.

ಆಮೇಲಿನದೆಲ್ಲ ರೈಲು. ಒಳಗೆ ಕೋಣೆಗಳಿಲ್ಲದ, ಐವತ್ತು ಚಿಲ್ಲರೆ ಜನ ಒಟ್ಟಿಗೆ ಮಲಗುವ ಬೋಗಿ. ತುದಿಯಲ್ಲಿ ಸದಾ ಬಿಸಿನೀರಿನ ಹಂಡೆ. ಬೋಗಿಗೊಬ್ಬಳು ನೋಡಿಕೊಳ್ಳುವ ಹೆಂಗಸು. ಹಾಸಿಗೆ ಕೊಡುವುದು, ನೆಲ ಒರೆಸುವುದು, ಇಳಿಯುವವರನ್ನು ಎಬ್ಬಿಸುವುದು ಎಲ್ಲ ಅವಳೇ. ತುರ್ಕಿಸ್ತಾನ್, ಕಿಜಿಲೋರ್ದಾ, ಅರಾಲ್ಸ್ಕ್ ಎಂದು ನಾವು ಇಳಿದಿಳಿದು ಹತ್ತಿದೆವು. ಕಿಜಿಲೋರ್ದಾದಿಂದ ಅರಾಲ್ಸ್ಕಿನವರೆಗೆ ನನ್ನ ಮರದ ಅಂಕಣದಲ್ಲಿ ಇನ್ನೂರ ಹನ್ನೆರಡು. ಎಲ್ಲವೂ ಸ್ಟೇಷನ್ನುಗಳ ಸುತ್ತ ನೆಟ್ಟವು. ಸ್ಟೇಷನ್ ದಾಟಿದರೆ ಸೊನ್ನೆ.

“ಮರ ಎಣ್ಸೋಕೆ ಇಷ್ಟ್ ದೂರ ಬರ್ಬೇಕಿತ್ತೇನೇ? ನಮ್ ತೋಟದಲ್ಲಿ ಎಣ್ಸಿದ್ರೆ ಬೇಜಾನ್ ಸಿಕ್ತಿತ್ತಲ್ಲ.”

“ಇಲ್ಲದ್ದನ್ನ ಎಣಿಸ್ತಿದೀನಿ ಅತ್ತೆ.”

“ಆಹಾ. ಅದಕ್ಕೊಂದು ಪೆನ್ನು ಬೇರೆ.”

ಆದರೆ ಅವಳೂ ತನ್ನ ಪರೀಕ್ಷೆ ಬಿಟ್ಟಿರಲಿಲ್ಲ. ರೈಲು ನಿಂತಲ್ಲೆಲ್ಲ ಇಳಿದು ಚಪ್ಪಲಿ ತುದಿಯಿಂದ ಮಣ್ಣು ಕೆದಕುವಳು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜುವಳು. “ಉಪ್ಪು ಕಣೇ. ಬೂದಿ ಬಳಿದಂಗೆ ಮೇಲೆ ಬಂದೈತೆ. ಇಷ್ಟು ನೆಲ ಇದ್ರೂ ಹಿಡಿ ರಾಗಿ ಬೆಳೆಯಲ್ಲ,” ಎಂದು ಯಾರದೋ ಮನೆಯ ಕಷ್ಟ ಕೇಳಿದವಳಂತೆ ಹೇಳುವಳು. ಅರಾಲ್ಸ್ಕಿನಲ್ಲಿ ನಾವು ಉಳಿದ ಮನೆಯ ಒಡತಿಗೂ ಅವಳಿಗೂ ಒಂದೇ ಒಂದು ಮಾತು ಸಮಾನವಾಗಿ ಗೊತ್ತಿದ್ದದ್ದು, ಚಾಯ್. ಅದೊಂದರ ಮೇಲೆ ಇಬ್ಬರೂ ಎರಡು ಗಂಟೆ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿದರು. ಎದ್ದು ಬಂದ ಮೇಲೆ ಅತ್ತೆ ನನಗೆ ಹೇಳಿದ್ದು: “ಅವ್ಳ ಸೊಸೆ ಸರಿಯಿಲ್ವಂತೆ.” ಅದು ಅವಳಿಗೆ ಹೇಗೆ ತಿಳಿಯಿತೋ ನಾನು ಕೇಳಲಿಲ್ಲ.

ಸಮುದ್ರ ಹಿಂದೆ ಸರಿದು ಹೋದ ಊರು ಅದು. ಅಲ್ಲಿಂದ ಮುಂದೆ ಎರಡು ರೈಲು. ಎರಡನೆಯದು ಕಂದಿಯಾಗಾಶ್ ಎಂಬ ಜಂಕ್ಷನ್ನಿನಲ್ಲಿ ಇಪ್ಪತ್ತರ ಬೆಳಿಗ್ಗೆ ಹೊರಟದ್ದು. ಸಂಜೆ ಬೇನೂ, ಮಾರನೆಯ ಬೆಳಿಗ್ಗೆ ಕ್ಯಾಸ್ಪಿಯನ್ ದಡದ ಅಕ್ತಾವು. ಅಲ್ಲಿ ಎರಡು ದಿನ ಇದ್ದು, ಇಪ್ಪತ್ತೆರಡರ ಸಂಜೆ ಹೊರಟು ವಾಪಸ್ಸು ಬೇನೂ, ಇಪ್ಪತ್ತಮೂರಕ್ಕೆ ಗಡಿ. ಪುಟದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂತಿತ್ತು.

ಇಪ್ಪತ್ತರ ಮಧ್ಯಾಹ್ನ ಬೋಗಿಯ ಹೆಂಗಸು ಚಹಾ ಲೋಟ ಕೊಡಲು ಬಂದವಳು ನಮ್ಮೆದುರೇ ಕೂತಳು. ಮುಂದಿನ ಎರಡು ಹಲ್ಲಿಗೆ ಚಿನ್ನ ಕಟ್ಟಿಸಿದ್ದ, ದಪ್ಪ ಕೈಗಳ ಹೆಂಗಸು. ಕುತೂಹಲಕ್ಕೆ ನನ್ನ ಪಾಸ್‌ಪೋರ್ಟ್ ಕೇಳಿದಳು. ಹಾಳೆ ತಿರುವಿದಳು. ಆಲ್ಮಾಟಿಯ ಮುದ್ರೆ ನೋಡಿ, ಯಾವಾಗ ಹೋಗುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ದಿನಚರಿಯ ಅಂಚಿನಲ್ಲಿ 23 ಎಂದು ಬರೆದು ತೋರಿಸಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ನನ್ನ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ 22 ಎಂದು ಬರೆದಳು.

ಫೋನಿನ ಅನುವಾದದಲ್ಲಿ ಅವಳು ಮಾತಾಡಿದಳು. ಫೋನು ಕನ್ನಡದಲ್ಲಿ, “ನಿಮ್ಮ ವಾಸ್ತವ್ಯದ ಅವಧಿಯು ಇಪ್ಪತ್ತೆರಡನೇ ದಿನಾಂಕದಂದು ಮುಕ್ತಾಯಗೊಳ್ಳುತ್ತದೆ,” ಎಂದಿತು.

“ಅದ್ಯಾಕೆ ಹಂಗ್ ಮಾತಾಡುತ್ತೆ, ತಾಲ್ಲೂಕಾಫೀಸ್ ನೋಟೀಸ್ ಓದ್ದಂಗೆ?” ಎಂದಳು ಅತ್ತೆ.

ಇಪ್ಪತ್ತಮೂರು ಎಂದು ನಾನು ಹಟ ಹಿಡಿದೆ. ಆಗ ಅವಳು ಎಡಗೈ ಬಿಡಿಸಿ, ಕಿರುಬೆರಳು ಮಡಿಸುತ್ತಾ ಒಂಬತ್ತು ಎಂದಳು. ಉಂಗುರದ ಬೆರಳು, ಹತ್ತು. ನಾನು ನನ್ನ ಕೈ ಹಿಡಿದು ಹತ್ತರಿಂದ ಶುರುಮಾಡಿದೆ. ಎರಡು ಸಲ ಎಣಿಸಿದೆವು. ಎರಡು ಸಲವೂ ಅವಳದು ಇಪ್ಪತ್ತೆರಡಕ್ಕೆ ನಿಂತಿತು, ನನ್ನದು ಇಪ್ಪತ್ತಮೂರಕ್ಕೆ. ಅತ್ತೆ ನಮ್ಮಿಬ್ಬರ ಕೈಗಳನ್ನೂ ನೋಡುತ್ತಿದ್ದಳು.

“ಲೇ,” ಅಂದಳು ನಿಧಾನಕ್ಕೆ. “ಅವ್ಳು ಲಾಭಾನೂ ಎಣಿಸ್ತಾವ್ಳೆ ಕಣೇ.”

ನನ್ನ ಪುಟ ನೋಡಿದೆ. ಇಳಿದ ಸಂಜೆಯನ್ನು ನಾನು ದೇವರ ಪಾಲಿಗೆ ತೆಗೆದಿಟ್ಟಿದ್ದೆ. ಗಡಿಯವರು ಹಾಗೆ ತೆಗೆದಿಡುವುದಿಲ್ಲ. ಮುದ್ರೆ ಬಿದ್ದ ದಿನವೇ ಒಂದು. ಅವತ್ತು ನಮ್ಮ ಹನ್ನೊಂದನೆಯ ದಿನವಲ್ಲ, ಹನ್ನೆರಡನೆಯದು.

ಸ್ವಲ್ಪ ಹೊತ್ತು ಕಿಟಕಿ ನೋಡಿದೆ. ನೋಡಲು ಏನೂ ಇರಲಿಲ್ಲ. ಆಮೇಲೆ ಹೊಸ ಪುಟದಲ್ಲಿ ಎರಡು ಸಾಲು ಎಳೆದೆ. ಒಂದನೆಯದು: ಇವತ್ತು ಸಂಜೆಯೇ ಬೇನೂವಿನಲ್ಲಿ ಇಳಿಯುವುದು, ನಾಳೆ ರಸ್ತೆ ಮೇಲೆ ಗಡಿಗೆ ಹೋಗುವುದು, ಒಂದು ದಿನ ಕೈಯಲ್ಲಿಟ್ಟುಕೊಂಡು ದಾಟುವುದು. ಸಮುದ್ರ ಇಲ್ಲ. ಎರಡನೆಯದು: ಅಕ್ತಾವುವರೆಗೆ ಹೋಗುವುದು, ನಾಳೆ ಮಧ್ಯಾಹ್ನವೇ ಅಲ್ಲಿಂದ ಹೊರಟು ನಾಡಿದ್ದು ಗಡಿ ದಾಟುವುದು. ಸಿಗ್ನಲ್ ಬಂದಾಗ ಫೋನಿನಲ್ಲಿ ನೋಡಿದೆ. ನಾಳೆ ವಾಪಸ್ಸು ಬರುವ ರೈಲುಗಳಲ್ಲಿ ಜಾಗವಿಲ್ಲ. ನಾಡಿದ್ದು ಬೇನೂವಿನಿಂದ ಗಡಿಗೆ ರೈಲೇ ಇಲ್ಲ. ಎರಡನೆಯ ಸಾಲಿನಲ್ಲಿ ಎರಡು ಕಡೆ ‘ಕಾರು, ಸಿಕ್ಕರೆ’ ಎಂದು ಬರೆಯಬೇಕಾಯಿತು. ಸಿಕ್ಕರೆ ಎಂಬ ಪದ ನನ್ನ ದಿನಚರಿಯಲ್ಲಿ ಬರುವುದು ಕಡಿಮೆ.

ಎರಡನ್ನೂ ಅತ್ತೆಗೆ ಓದಿ ಹೇಳಿದೆ.

“ಇಳ್ದುಬುಡಾನ. ಸಮುದ್ರ ಎಲ್ಲಿಗೂ ಹೋಗಲ್ಲ,” ಅಂದಳು.

“ಅರಾಲ್ಸ್ಕಲ್ಲಿ ಹೋಯ್ತಲ್ಲ.”

“ಇದು ಹೋಗಲ್ಲ ಬುಡು, ನಾಳಿದ್ದರೊಳಗೆ.”

ಎರಡು ಸಾಲನ್ನೂ ಮತ್ತೊಮ್ಮೆ ಓದಿಕೊಂಡೆ. ಇಷ್ಟು ದಿನ ಪಶ್ಚಿಮಕ್ಕೆ ಹೋಗಿ, ಕೊನೆಯ ಒಂದು ರಾತ್ರಿಯ ದಾರಿ ಬಾಕಿ ಇರುವಾಗ ಇಳಿದುಬಿಟ್ಟರೆ ನಾನು ಮಾಡಿದ್ದು ಏನು? ಒಂದಷ್ಟು ಊರು ನೋಡಿದ್ದು. ದಾಟಿದ್ದಲ್ಲ. ಇನ್ನೊಂದು ಕಡೆ, ಕಾರು ಸಿಗದೆ ಇಪ್ಪತ್ತಮೂರು ಬಂದರೆ ಪೊಲೀಸರೆದುರು ಕೂರುವವಳು ನಾನೊಬ್ಬಳೇ ಅಲ್ಲ. ಪಕ್ಕದಲ್ಲಿ, ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತದ ಹೆಂಗಸು, ನನ್ನ ಲೆಕ್ಕವನ್ನು ನಂಬಿ ಬಂದವಳು.

ಬೇನೂ ಬಂದಾಗ ಇನ್ನೂ ಬೆಳಕಿತ್ತು. ಚೀಲಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದೆವು, ಇಳಿದೆವು. ನಮ್ಮ ಕಡೆಯ ಅಮ್ಮಸಂದ್ರದ ಸ್ಟೇಷನ್ನಿಗಿಂತ ಎರಡು ಪಟ್ಟು ಇರಬಹುದು, ಸುತ್ತ ಬರೀ ಮಣ್ಣಿನ ಬಣ್ಣ. ಗಾಳಿ ಎಷ್ಟೆಂದರೆ ಅತ್ತೆ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಚೀಲ ಹಿಡಿದು ಗಾಳಿಗೆ ಬೆನ್ನು ಕೊಟ್ಟು ನಿಂತಳು. ರೈಲು ಅಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಬೋಗಿಯ ಹೆಂಗಸು ಬಾಗಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದಳು.

“ಯಾಕೆ ನಿಂತೆ? ನಡಿ, ರೂಮ್ ಎಲ್ಲೈತೆ ಕೇಳಾನ.”

“ಅತ್ತೆ, ನಾನ್ ಇಳಿಯಲ್ಲ.”

“ಇಳ್ದಾಗೈತಲ್ಲೇ.”

“ಮತ್ತೆ ಹತ್ತೋಣ. ನಾಳೆ ಒಂದು ಗಂಟೆಗೆ ಸಮುದ್ರ ಬಿಟ್ಟುಬಿಡೋದು. ಕಾರು ಹುಡುಕೋದು. ಸಂಜೆ ನಾಲ್ಕರೊಳಗೆ ಅಲ್ಲಿಂದ ಹೊರಟರೆ ಆಗುತ್ತೆ. ನಾಲ್ಕಾದ್ರೂ ಹೊರಡದಿದ್ರೆ, ವಿಮಾನ ನಿಲ್ದಾಣಕ್ಕೆ ಹೋಗಿ ಯಾವ ದೇಶಕ್ಕಾದ್ರೂ ಸರಿ ಹಾರಿಬಿಡೋದು. ನೆಲದ್ದು ಬಿಟ್ಟುಬಿಡ್ತೀನಿ. ನಿನ್ನ ಇಲ್ಲಿ ಸಿಕ್ಕಿಸಲ್ಲ.”

ಅವಳು ನನ್ನ ಮುಖ ನೋಡಿದಳು. “ನಾಲ್ಕು ಅಂದ್ರೆ ನಾಲ್ಕು. ಆಮೇಲೆ ನಾಲ್ಕೂ ಕಾಲು ಅಂದ್ರೆ ಜುಟ್ಟು ಹಿಡ್ದು ಎಳ್ಕೊಂಡ್ ಹೋಯ್ತೀನಿ.”

“ಹೂಂ.”

“ನಿಮ್ಮಪ್ಪಂಗೆ ಫೋನ್ ಮಾಡಿ ಹೇಳಿದೀಯಾ?”

“ಇಲ್ಲ.”

“ಬ್ಯಾಡ ಬುಡು. ದಾಟಿದ್ಮೇಲೆ ಹೇಳು,” ಎಂದು ತನ್ನ ಚೀಲವನ್ನು ಬೋಗಿಯ ಹೆಂಗಸಿನ ಕೈಗೆ ಕೊಟ್ಟಳು. ಆಕೆ ಏನೂ ಕೇಳದೆ ಎತ್ತಿಕೊಂಡಳು. ಅಕ್ತಾವುವಿನಲ್ಲಿ ಕಾರುಗಳು ನಿಲ್ಲುವ ಜಾಗದ ಹೆಸರನ್ನು ಆಮೇಲೆ ನನ್ನ ಪುಸ್ತಕದಲ್ಲಿ ಬರೆದುಕೊಟ್ಟಳು.

ಸಮುದ್ರದ ಬಗ್ಗೆ ಹೆಚ್ಚು ಬರೆಯಲಾರೆ. ರೈಲು ಒಂದೂವರೆ ಗಂಟೆ ತಡವಾಯಿತು. ಸ್ಟೇಷನ್ನಿನಿಂದ ಊರಿಗೆ ಬೇರೆ ಹೋಗಬೇಕು. ದಡ ಮುಟ್ಟಿದ್ದು ಹನ್ನೊಂದು ಐವತ್ತಕ್ಕೆ. ಹಳದಿ ಬಂಡೆ, ಅದರ ಕೆಳಗೆ ನೀರು. ಬಂಡೆಯ ಮೇಲೆ ಕೂತು ಜಾರಿಕೊಂಡು ಇಳಿದು ಮೊಣಕಾಲವರೆಗೆ ನೀರಿನಲ್ಲಿ ನಿಂತೆ. ತಣ್ಣಗಿತ್ತು. ಹಿಂದೆ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನೆಲ. ನಾನು ಅಳಬಹುದು ಎಂದುಕೊಂಡಿದ್ದೆ. ಅಳು ಬರಲಿಲ್ಲ. ಗಡಿಯಾರ ನೋಡಿದೆ. ಅತ್ತೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, “ಅಷ್ಟೇನ್ ಉಪ್ಪಿಲ್ಲ,” ಅಂದಳು. ಇಪ್ಪತ್ತೈದು ನಿಮಿಷ ಇದ್ದೆವು.

ಕಾರು ನಿಲ್ಲುವ ಜಾಗ ಒಂದು ಸಂತೆ ಮೈದಾನದ ಪಕ್ಕ. ಏಳು ಜನ ಕೂರುವ ಒಂದೇ ಒಂದು ಕಾರು ಬೇನೂ ಕಡೆಯದು. ಡ್ರೈವರು ಬಾಗಿಲು ತೆರೆದಿಟ್ಟು ಸೂರ್ಯಕಾಂತಿ ಬೀಜ ಕಚ್ಚಿ ಉಗುಳುತ್ತಿದ್ದ. ಆರು ಜನ ಆದರೆ ಹೊರಡುತ್ತೇನೆ ಎಂದು ಬೆರಳು ತೋರಿಸಿದ. ನಾವು ಇಬ್ಬರು. ಆಗ ಹೊತ್ತು ಒಂದೂ ಕಾಲು. ಎರಡಕ್ಕೆ ಒಬ್ಬ ಮುದುಕ ಬಂದು ಕೂತ. ಎರಡೂವರೆಗೂ ಮೂರೇ. ಎರಡು ಮುಕ್ಕಾಲಿಗೂ ಮೂರೇ. ಡ್ರೈವರು ಯಾರನ್ನೂ ಕರೆಯುತ್ತಿರಲಿಲ್ಲ. ಬರುವವರು ಬರುತ್ತಾರೆ ಎಂಬ ಹಾಗೆ ಕೂತಿದ್ದ.

“ಇವ್ನೇನು ಕಾರಿಟ್ಕೊಂಡವ್ನಾ, ಪೂಜೆಗಿಟ್ಕೊಂಡವ್ನಾ?” ಅಂದಳು ಅತ್ತೆ.

ಮಾವ ಹಿಂದೆ ದಬ್ಬೇಘಟ್ಟಕ್ಕೂ ತುರುವೇಕೆರೆಗೂ ಟೆಂಪೊ ಓಡಿಸುತ್ತಿದ್ದ ಕಾಲದಲ್ಲಿ, ಸೀಟು ತುಂಬಿಸಲು ಇಟ್ಟಿದ್ದ ಆಳು ಬಾರದ ದಿನಗಳಲ್ಲಿ ಅತ್ತೆಯೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗುತ್ತಿದ್ದಳೆಂದು ಕೇಳಿದ್ದೆ. ಕಂಡಿರಲಿಲ್ಲ. ಅವತ್ತು ಕಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯಂಚಿಗೆ ಹೋಗಿ ನಿಂತಳು.

“ಬೇನೂ ಬೇನೂ ಬೇನೂ ಬೇನೂ! ಯಾರ್ರೀ ಬೇನೂ? ಬನ್ನಿ ಬನ್ನಿ, ಹೊರಟೇಬುಡ್ತು ಹೊರಟೇಬುಡ್ತು!”

ಸಂತೆಯ ಜನ ತಿರುಗಿ ನೋಡಿದರು. ಡ್ರೈವರ ಬಾಯಲ್ಲಿದ್ದ ಬೀಜ ಅಲ್ಲೇ ನಿಂತಿತು. ಸೀರೆ ಉಟ್ಟು ಸ್ವೆಟರ್ ಹಾಕಿಕೊಂಡ ಹೆಂಗಸು ತಮ್ಮ ಕಡೆಯ ಊರಿನ ಹೆಸರು ಹಿಡಿದು ಹೀಗೆ ಕೂಗುವುದನ್ನು ಅವರು ಕಂಡಿರಲಾರರು. ಎರಡು ಮೂಟೆ ಹಿಡಿದ ಒಬ್ಬ ಹೆಂಗಸು ಹತ್ತಿರ ಬಂದು, ನಿಜವಾಗಿಯೂ ಬೇನೂವೇ ಎಂಬಂತೆ ಕೇಳಿದಳು. ಅತ್ತೆ ಅವಳ ಒಂದು ಮೂಟೆ ಕಿತ್ತುಕೊಂಡು ಕಾರಿನ ಹಿಂದೆ ಹಾಕಿಯೇಬಿಟ್ಟಳು.

“ಅತ್ತೆ, ಅವ್ರು ಎಲ್ಲಿಗೆ ಅಂತ ಕೇಳ್ದೆ ಹಾಕ್ತಿದೀಯಲ್ಲ.”

“ಮೂಟೆ ಒಳಗೋದ್ರೆ ಆಳು ಒಳಗೋದಂಗೆ. ನೀನ್ ಸುಮ್ಕಿರು.”

ಆ ಹೆಂಗಸು ಬೇನೂವಿನವಳೇ. ಮೂರು ಇಪ್ಪತ್ತಕ್ಕೆ ಗಂಡ ಹೆಂಡತಿ ಇಬ್ಬರು ಬಂದರ ಕಡೆಯಿಂದ ಬಂದರು. ಆರು. ಮೂರು ಇಪ್ಪತ್ತೆಂಟಕ್ಕೆ ಹೊರಟೆವು. ಡ್ರೈವರು ದಾರಿಯುದ್ದಕ್ಕೂ ಸುಮ್ಮನೆ ತಾನೇ “ಬೇನೂ ಬೇನೂ” ಎಂದು ಅವಳ ರಾಗದಲ್ಲಿ ಹೇಳಿಕೊಂಡು ನಗುತ್ತಿದ್ದ.

ಆ ರಾತ್ರಿ ಬೇನೂ ಸ್ಟೇಷನ್ನಿನ ವಿಶ್ರಾಂತಿ ಕೋಣೆಯಲ್ಲಿ ಮಲಗಿದೆವು. ಇಪ್ಪತ್ತೆರಡರ ಬೆಳಿಗ್ಗೆ ಗಡಿಗೆ ಹೋಗುವ ವ್ಯಾನು ಹುಡುಕುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಡಿಯಲ್ಲಿ. ಲಾರಿಗಳ ಸಾಲು ಒಂದು ಕಿಲೋಮೀಟರು. ಕಾಲ್ನಡಿಗೆಯವರ ಕಿಂಡಿ ಬೇರೆ. ಅಲ್ಲಿಗೆ ಹೋಗುವ ಹೊತ್ತಿಗೆ ಪಾಳಿ ಬದಲಾಗುತ್ತಿತ್ತು. ಒಂದು ಗಂಟೆ ಹತ್ತು ನಿಮಿಷ ನಿಂತೆವು. ನಮ್ಮ ಮುಂದೆ ಮೂವತ್ತೊಂದು ಜನ.

ನನ್ನ ಸರದಿ ಬಂದಾಗ ಅಧಿಕಾರಿ ಮುದ್ರೆಯಿದ್ದ ಹಾಳೆ ತೆರೆದು ಕ್ಯಾಲೆಂಡರ್ ಕಡೆ ನೋಡಿದ. ನನ್ನ ಕಡೆ ನೋಡಿದ. ನಾನು ಮುಖದಲ್ಲಿ ಏನನ್ನೂ ಇಟ್ಟುಕೊಳ್ಳದೆ ನಿಂತೆ. ಅವನು ಮುದ್ರೆ ಒತ್ತಿದ. ನಾನು ಹಳದಿ ಗೆರೆ ದಾಟಿ ಆ ಕಡೆ ನಿಂತೆ. ಅತ್ತೆ ತನ್ನ ಪಾಸ್‌ಪೋರ್ಟ್ ಕೊಟ್ಟಳು.

ಅವನು ಅದನ್ನು ತಿರುವಿದ, ಬೆಳಕಿಗೆ ಹಿಡಿದ, ಹತ್ತಿರ ತಂದ. ಆಲ್ಮಾಟಿಯಲ್ಲಿ ಅವಳ ಪುಟದ ಮೇಲೆ ಮುದ್ರೆ ಅರ್ಧ ಶಾಯಿಯಲ್ಲಿ ಬಿದ್ದಿತ್ತು. ತಿಂಗಳು ಕಾಣುತ್ತಿತ್ತು, ದಿನದ ಅಂಕಿ ಮಸುಕು. ನಾನು ಅದನ್ನು ಅವತ್ತೇ ನೋಡಿದ್ದೆ, ಒಂಬತ್ತು ಎಂದು ನನಗೆ ಗೊತ್ತಿದ್ದರಿಂದ ಒಂಬತ್ತೆಂದೇ ಓದಿದ್ದೆ. ಅವನಿಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಹಿಡಿದು ಎದ್ದು ಒಳಗೆ ಹೋದ.

ನಾನು ಗೆರೆಯ ಈ ಕಡೆ, ಅವಳು ಆ ಕಡೆ. ವಾಪಸ್ಸು ಹೆಜ್ಜೆ ಇಟ್ಟೆ. ಕಾವಲಿನವನು ಕೈ ಅಡ್ಡ ಹಿಡಿದ.

“ಬರ್ಬ್ಯಾಡ ನೀನು. ದಾಟಿದೋಳು ದಾಟಿದಂಗೇ ಇರು,” ಎಂದು ಅತ್ತೆ ಅಲ್ಲಿಂದಲೇ ಹೇಳಿದಳು.

“ನಾವು ಬಂದ ವಿಮಾನದ ಟಿಕೆಟ್ ನನ್ನ ಹತ್ರ ಐತೆ ಅತ್ತೆ. ಅದ್ರಲ್ಲಿ ತಾರೀಕೈತೆ.”

“ಕೇಳಿದ್ರೆ ಕೊಡು. ಕೇಳ್ದೆ ಇದ್ರೆ ಬಾಯ್ ಬುಡ್ಬ್ಯಾಡ.”

ಟಿಕೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಹದಿನೇಳು ನಿಮಿಷ. ಅವಳ ಹಿಂದಿನ ಸಾಲಿನವರು ಪಕ್ಕದ ಕಿಂಡಿಗೆ ಹೋದರು. ಅತ್ತೆ ಒಬ್ಬಳೇ, ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ರೇಷನ್ ಅಂಗಡಿಯ ಮುಂದೆ ನಿಂತವಳ ಹಾಗೆ ನಿಂತಿದ್ದಳು. ಅವಳನ್ನು ಬಿಡದಿದ್ದರೆ ನಾನೂ ಆ ಕಡೆಗೇ ಹೋಗುತ್ತೇನೆ, ನನ್ನ ಮುದ್ರೆ ರದ್ದಾದರೆ ಆಗಲಿ, ಎಂದು ನಿರ್ಧರಿಸಿಕೊಂಡೆ. ಅದನ್ನು ಮಾತ್ರ ಗಟ್ಟಿಯಾಗಿ ಹೇಳಲಿಲ್ಲ.

ಅವನು ಇನ್ನೊಬ್ಬನ ಜೊತೆ ಬಂದ. ಇಬ್ಬರೂ ಕಂಪ್ಯೂಟರ್ ಪರದೆ ನೋಡಿದರು. ಎರಡನೆಯವನು ಬೆರಳಿಟ್ಟು ಏನನ್ನೋ ತೋರಿಸಿದ. ಮೊದಲಿನವನು ಕೂತು, ಅತ್ತೆಗೆ ಏನೋ ಹೇಳಿದ. ಅವಳು ತಲೆ ಆಡಿಸಿದಳು. ಮುದ್ರೆಯ ಸದ್ದು ನನಗೆ ಕೇಳಿಸಿತು.

ಅವಳು ಗೆರೆ ದಾಟಿ ಬಂದಾಗ ನನ್ನ ಕೈಯಲ್ಲಿದ್ದ ಟಿಕೆಟ್ ಮುದ್ದೆಯಾಗಿತ್ತು.

“ಏನಂದ್ರು ಅತ್ತೆ?”

“ಏನೋ ಅಂದ. ನಾನ್ ಹೂಂ ಅಂದೆ.”

ಹೊತ್ತು ಎರಡು ಐವತ್ತು. ಇಪ್ಪತ್ತೆರಡನೆಯ ತಾರೀಕಿನಲ್ಲಿ ಇನ್ನೂ ಒಂಬತ್ತು ಗಂಟೆ ಉಳಿದಿತ್ತು. ಮುಂದೆ ಬೇಲಿಯ ನಡುವೆ ಉದ್ದನೆಯ ದಾರಿ, ಅದರ ಕೊನೆಗೆ ಇನ್ನೊಂದು ದೇಶದ ಗೇಟು. ಅಪ್ಪನಿಗೆ ಫೋನ್ ಮಾಡಲು ಸಿಗ್ನಲ್ ಇರಲಿಲ್ಲ. ಅತ್ತೆಯ ಚೀಲ ನಾನು ತೆಗೆದುಕೊಳ್ಳಲು ಹೋದೆ. ಅವಳು ಕೊಡಲಿಲ್ಲ. ಆಗಲೇ ನಡೆಯುತ್ತಿದ್ದಳು.